ಸಿಎ, ಸಿಎಂಎ, ಸಿಎಸ್, ಎಸಿಸಿಎ: ಯಾವ ಸಂಸ್ಥೆಯ ಸದಸ್ಯತ್ವ ಯಾರಿಗೆ?

ಜೂನ್ ತಿಂಗಳ ಎರಡನೆಯ ವಾರ. ಪಾಂಡವಪುರದ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಬಂದರು. ಹುಡುಗಿ ನಮ್ಮಲ್ಲೇ ಬಿ.ಕಾಂ. ಮುಗಿಸಿದವಳು. ತಂದೆ ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ರಸೀದಿಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಬೆಂಗಳೂರಿನ ಒಂದು ಕೋಚಿಂಗ್ ಕೇಂದ್ರಕ್ಕೆ ನಲವತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿದ್ದರು. ರಸೀದಿಯ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ‘ಸಿಎಂಎ’ ಎಂದಿತ್ತು. "ಮೇಷ್ಟ್ರೇ, ನಮ್ಮ ಸಕ್ಕರೆ ಕಾರ್ಖಾನೆಯ ಲೆಕ್ಕಕ್ಕೆ ಸಹಿ ಹಾಕುತ್ತಾರಲ್ಲ, ಇದು ಅದೇ ಓದು ತಾನೆ?" ಎಂದು ಕೇಳಿದರು.

ಅದೇ ಓದಾಗಿರಲಿಲ್ಲ. ರಸೀದಿಯ ಕೊನೆಯ ಸಾಲಿನಲ್ಲಿ, ಕನ್ನಡಕ ಹಾಕಿಕೊಂಡು ನೋಡಬೇಕಾದಷ್ಟು ಸಣ್ಣದಾಗಿ, ‘ಯುಎಸ್’ ಎಂದಿತ್ತು. ಅಮೆರಿಕದ ಸಂಸ್ಥೆಯೊಂದು ಕೊಡುವ ಸಿಎಂಎ ಬೇರೆ, ಸರಕು ತಯಾರಿಸಲು ತಗಲುವ ವೆಚ್ಚದ ಲೆಕ್ಕ ಕಲಿಸುವ ನಮ್ಮ ದೇಶದ ಸಿಎಂಎ ಬೇರೆ. ಎರಡೂ ಒಳ್ಳೆಯ ಓದುಗಳೇ. ಆದರೆ ಆ ತಂದೆ ಕೇಳುತ್ತಿದ್ದ ‘ಸಹಿ’ ಒಂದರಲ್ಲಿ ಮಾತ್ರ ಇದೆ.

ಕಾಲೇಜಿಗೆ ಬರುವ ಮೊದಲು ನಾನು ಆರು ವರ್ಷ ಸಕ್ಕರೆ ಕಾರ್ಖಾನೆಯೊಂದರ ಕಾಸ್ಟಿಂಗ್ ವಿಭಾಗದಲ್ಲಿ ಕೆಲಸ ಮಾಡಿದ್ದೇನೆ. ಆಮೇಲಿನ ವರ್ಷಗಳೆಲ್ಲ ಕಾಮರ್ಸ್ ಪಾಠದಲ್ಲಿ ಕಳೆದಿವೆ. ಪ್ರತಿ ಜೂನ್‌ನಲ್ಲಿಯೂ ಇದೇ ಪ್ರಶ್ನೆ ಬೇರೆ ಬೇರೆ ಮುಖ ಹೊತ್ತು ಬರುತ್ತದೆ: ಯಾವುದಕ್ಕೆ ಸೇರಿಸಲಿ, ಯಾವುದು ದೊಡ್ಡದು, ಯಾವುದಕ್ಕೆ ಹೆಚ್ಚು ಸಂಬಳ? ನಾನು ಅವರ ಮುಂದೆ ಇಡುವ ಪ್ರಶ್ನೆ ಬೇರೆ. ಈ ಸಂಸ್ಥೆಯ ಸದಸ್ಯರಾದ ಮೇಲೆ ನಿಮ್ಮ ಸಹಿಗೆ ಕಾನೂನಿನಲ್ಲಿ ಬೆಲೆ ಇದೆಯೇ, ಇದ್ದರೆ ಯಾವ ಕಾಗದದ ಮೇಲೆ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಗೊಂದಲ ಕರಗುತ್ತದೆ.

ಲೆಕ್ಕ, ಅರ್ಥಶಾಸ್ತ್ರ, ಮ್ಯಾನೇಜ್‌ಮೆಂಟ್, ಮಾರ್ಕೆಟಿಂಗ್ ಕ್ಷೇತ್ರಗಳ ವೃತ್ತಿಪರ ಸಂಸ್ಥೆಗಳನ್ನು ಈ ದೃಷ್ಟಿಯಿಂದ ನೋಡಿದರೆ ಮೂರು ಬಗೆ ಕಾಣುತ್ತವೆ. ಮೊದಲನೆಯದು ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ, ಸದಸ್ಯರ ಸಹಿಗೆ ಕಾನೂನಿನ ಬಲ ಇರುವ ಸಂಸ್ಥೆಗಳು. ಎರಡನೆಯದು ವಿದೇಶಿ ಸಂಸ್ಥೆಗಳು. ಇಲ್ಲಿ ಸಹಿಯ ಹಕ್ಕಿಲ್ಲ, ಆದರೆ ಕೆಲಸ ಕೊಡುವವರು ಅವುಗಳ ಪರೀಕ್ಷೆಯನ್ನು ನಂಬುತ್ತಾರೆ. ಮೂರನೆಯದು ಒಂದೇ ವಿದ್ಯೆಯನ್ನು ಪ್ರೀತಿಸುವವರು ಕಟ್ಟಿಕೊಂಡ ಸಂಘಗಳು. ಅಲ್ಲಿ ಪರೀಕ್ಷೆಗಿಂತ ಸಭೆ, ಪತ್ರಿಕೆ ಮತ್ತು ಪರಿಚಯ ಮುಖ್ಯ. ಒಂದು ಬಗೆಯಿಂದ ಸಿಗುವುದನ್ನು ಇನ್ನೊಂದರಿಂದ ನಿರೀಕ್ಷಿಸಿದವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಸಿಎ: ಎಲ್ಲ ಕಂಪನಿಗಳಿಗೂ ಬೇಕಾದ ಸಹಿ

ಇನ್‌ಸ್ಟಿಟ್ಯೂಟ್ ಆಫ್ ಚಾರ್ಟರ್ಡ್ ಅಕೌಂಟೆಂಟ್ಸ್ ಆಫ್ ಇಂಡಿಯಾ, ಅಂದರೆ ಐಸಿಎಐ, 1949ರ ಕಾಯ್ದೆಯಡಿ ಅದೇ ವರ್ಷದ ಜುಲೈ 1ರಂದು ಹುಟ್ಟಿತು. ಇಂದು ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಭಾರತದಲ್ಲಿ ನೋಂದಣಿಯಾದ ಕಂಪನಿ ಎಷ್ಟೇ ಚಿಕ್ಕದಾಗಿರಲಿ, ವರ್ಷಾವರ್ಷ ಆಡಿಟ್ ಆಗಲೇಬೇಕು. ಆ ವರದಿಗೆ ಸಹಿ ಹಾಕಲು ಪ್ರಾಕ್ಟೀಸ್‌ನಲ್ಲಿರುವ, ಅಂದರೆ ಸ್ವತಂತ್ರವಾಗಿ ವೃತ್ತಿ ನಡೆಸುವ, ಸಿಎಗೆ ಮಾತ್ರ ಅಧಿಕಾರ. ಆದಾಯ ತೆರಿಗೆ ಕಾಯ್ದೆಯಡಿ ಮಾಡಿಸುವ ತೆರಿಗೆ ಆಡಿಟ್ ಕೂಡ ಸಿಎಗೇ ಮೀಸಲು. ಹಾಗಾಗಿ ಸ್ವಂತ ಕಚೇರಿ ತೆರೆಯಬೇಕು, ನಮ್ಮೂರಲ್ಲೇ ಬೋರ್ಡ್ ಹಾಕಬೇಕು ಎನ್ನುವವರಿಗೆ ಇದರಷ್ಟು ಅಗಲವಾದ ದಾರಿ ಬೇರೊಂದಿಲ್ಲ. ತಾಲ್ಲೂಕು ಕೇಂದ್ರದಲ್ಲಿ ಕುಳಿತ ಸಿಎ ಕೂಡ ಅಕ್ಕಿ ಗಿರಣಿಯ ಲೆಕ್ಕದಿಂದ ಹಿಡಿದು ವೀಸಾಗೆ ಬೇಕಾದ ಆಸ್ತಿ ಪ್ರಮಾಣಪತ್ರದವರೆಗೆ ಬದುಕು ಕಟ್ಟಿಕೊಳ್ಳಬಲ್ಲರು.

ದಾರಿ ಅಗಲ, ಏರು ಕಡಿದು. ಪಿಯುಸಿ ಆದವರಿಗೆ ಫೌಂಡೇಷನ್‌ನ ನಾಲ್ಕು ಪತ್ರಿಕೆ, ಆಮೇಲೆ ಇಂಟರ್‌ಮೀಡಿಯೆಟ್‌ನ ಆರು, ಕೊನೆಗೆ ಫೈನಲ್‌ನ ಆರು. ಕಾಮರ್ಸ್ ಪದವಿಯಲ್ಲಿ ಶೇ. 55, ಬೇರೆ ಪದವಿಯಲ್ಲಿ ಶೇ. 60 ಅಂಕ ಪಡೆದವರು ಫೌಂಡೇಷನ್ ಬಿಟ್ಟು ನೇರವಾಗಿ ಇಂಟರ್‌ಗೆ ಸೇರಬಹುದು. 2023ರ ಜುಲೈನಲ್ಲಿ ಬಂದ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್, ಅಂದರೆ ಸಿಎ ಒಬ್ಬರ ಕೈಕೆಳಗೆ ಕೆಲಸ ಮಾಡುತ್ತ ಕಲಿಯುವ ಅವಧಿ, ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಪ್ರತಿ ಪತ್ರಿಕೆಯಲ್ಲಿ ಶೇ. 40, ಮೂರು ಪತ್ರಿಕೆಗಳ ಗುಂಪಿನ (ಗ್ರೂಪ್) ಒಟ್ಟಿನಲ್ಲಿ ಶೇ. 50 ಬಂದರಷ್ಟೇ ಪಾಸು. ಎರಡೂ ಗ್ರೂಪ್ ಒಟ್ಟಿಗೆ ಬರೆದವರಲ್ಲಿ ಪಾಸಾಗುವವರು ನೂರಕ್ಕೆ ಇಪ್ಪತ್ತನ್ನು ದಾಟುವುದು ಅಪರೂಪ. ಎಲ್ಲವೂ ಮೊದಲ ಸಲಕ್ಕೇ ದಾಟಿದರೆ ಪಿಯುಸಿಯಿಂದ ನಾಲ್ಕು ವರ್ಷದ ಆಸುಪಾಸು ಸಾಕು. ಹಾಗೆ ದಾಟಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಮನೆಯಲ್ಲಿ ಆರೇಳು ವರ್ಷ ಕಾಯುವ ತಾಳ್ಮೆ ಇದೆಯೇ ಎಂದು ಮೊದಲು ಮಾತಾಡಿಕೊಳ್ಳಿ. ಮಗ ಎರಡು ಸಲ ಫೇಲಾದ ಮೇಲೆ ಆಡುವ ಮಾತನ್ನು ಸೇರಿಸುವ ದಿನವೇ ಆಡಿ ಮುಗಿಸುವುದು ಒಳ್ಳೆಯದು.

ಈ ಓದಿನ ನಿಜವಾದ ತಿರುಳು ಆರ್ಟಿಕಲ್‌ಶಿಪ್. ಏಪ್ರಿಲ್ ತಿಂಗಳಲ್ಲಿ ಬ್ಯಾಂಕ್ ಶಾಖೆಗಳ ಆಡಿಟ್ ನಡೆಯುವಾಗ ಒಮ್ಮೆ ನೋಡಬೇಕು. ಇಪ್ಪತ್ತೊಂದು ವರ್ಷದ ಹುಡುಗ ಹಳ್ಳಿಯ ಶಾಖೆಯಲ್ಲಿ ಕುಳಿತು ಚಿನ್ನದ ಸಾಲದ ಪೊಟ್ಟಣಗಳ ಪಟ್ಟಿಯನ್ನು ರಿಜಿಸ್ಟರ್ ಜೊತೆ ತಾಳೆ ನೋಡುತ್ತಿರುತ್ತಾನೆ. ಬೆಳೆ ಸಾಲ ಯಾವಾಗ ಕೆಟ್ಟ ಸಾಲವಾಗುತ್ತದೆ ಎಂಬುದನ್ನು ಬೆಳೆಯ ಹಂಗಾಮು ಎಣಿಸಿ ತೀರ್ಮಾನಿಸುತ್ತಾನೆ. ಮ್ಯಾನೇಜರ್ ಏರುದನಿಯಲ್ಲಿ ಮಾತಾಡಿದರೂ ತನ್ನ ಟಿಪ್ಪಣಿಯನ್ನು ಅಳಿಸುವುದಿಲ್ಲ. ಐಸಿಎಐ ಲಾಂಛನದಲ್ಲಿ ಕಠೋಪನಿಷತ್ತಿನ ‘ಯ ಏಷ ಸುಪ್ತೇಷು ಜಾಗರ್ತಿ’ ಎಂಬ ಮಾತಿದೆ. ಎಲ್ಲರೂ ಮಲಗಿರುವಾಗ ಎಚ್ಚರವಾಗಿರುವವನು ಎಂದರ್ಥ. ಆ ಎಚ್ಚರವನ್ನು ಯಾವ ಕೋಚಿಂಗ್ ತರಗತಿಯೂ ಕೊಡಲಾರದು. ಸ್ಟೈಪೆಂಡ್ ಮಾತ್ರ ಚಿಕ್ಕದು. ಬೆಂಗಳೂರಿನಲ್ಲಿ ಪಿ.ಜಿ.ಯ ಬಾಡಿಗೆಗೂ ಸಾಲದೆ ಊರಿನಿಂದ ಹಣ ತರಿಸುವ ಮಕ್ಕಳನ್ನು ನೋಡಿದ್ದೇನೆ. ಅದಕ್ಕೇ ಊರಿಗೆ ಹತ್ತಿರದ, ಹತ್ತು ಬಗೆಯ ಕೆಲಸ ಬರುವ ಮಧ್ಯಮ ಗಾತ್ರದ ಕಚೇರಿಯನ್ನು ಹುಡುಕಿ ಎನ್ನುತ್ತೇನೆ. ಬೆಂಗಳೂರಿನ ವಸಂತನಗರದಲ್ಲಿ ಮಾತ್ರವಲ್ಲ, ಮೈಸೂರು, ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿಯಲ್ಲಿಯೂ ಐಸಿಎಐ ಶಾಖೆಗಳಿವೆ. ಒಳ್ಳೆಯ ಆಡಿಟರ್ ಯಾರೆಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ.

ಸಿಎಂಎ: ಕಾರ್ಖಾನೆಯ ಒಳಗಿನ ಲೆಕ್ಕ

ಇದು ನನ್ನ ಮನಸ್ಸಿಗೆ ಹತ್ತಿರದ ಸಂಸ್ಥೆ. ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ.

ಇನ್‌ಸ್ಟಿಟ್ಯೂಟ್ ಆಫ್ ಕಾಸ್ಟ್ ಅಕೌಂಟೆಂಟ್ಸ್ ಆಫ್ ಇಂಡಿಯಾ 1944ರಲ್ಲಿ ಒಂದು ನೋಂದಾಯಿತ ಕಂಪನಿಯಾಗಿ ಆರಂಭವಾಯಿತು. 1959ರ ಕಾಯ್ದೆ ಅದಕ್ಕೆ ಶಾಸನಬದ್ಧ ಸ್ಥಾನ ಕೊಟ್ಟಿತು. ನಮ್ಮ ಹಿರಿಯರು ಇದನ್ನು ಐಸಿಡಬ್ಲ್ಯುಎ ಎಂದೇ ಕರೆಯುತ್ತಿದ್ದರು. 2012ರ ತಿದ್ದುಪಡಿಯ ನಂತರ ಈಗಿನ ಹೆಸರು ಬಂತು. ಹಳೆಯ ಹೆಸರಿನಲ್ಲೇ ಇಂದಿಗೂ ಗೌರವ ಇದೆ. ಹೊಸ ಹೆಸರು ಬಂದ ಮೇಲೆ ಅಮೆರಿಕದ ಸಿಎಂಎ ಜೊತೆ ಗೊಂದಲವೂ ಬಂತು.

ಸಿಎ ಕಂಪನಿಯ ಒಟ್ಟು ಲಾಭ ನಷ್ಟ ಸರಿಯಿದೆಯೇ ಎಂದು ನೋಡುತ್ತಾರೆ. ಒಂದು ಕಿಲೋ ಮಾಡಲು ನಿಜಕ್ಕೂ ಎಷ್ಟು ಖರ್ಚಾಯಿತು ಎಂದು ಕೇಳುವವರು ಕಾಸ್ಟ್ ಅಕೌಂಟೆಂಟ್. ಇದು ಎಷ್ಟು ಜಟಿಲ ಎಂಬುದನ್ನು ಸಕ್ಕರೆ ಕಾರ್ಖಾನೆಯಲ್ಲಿ ಕಣ್ಣಾರೆ ಕಾಣಬಹುದು. ಒಂದು ಟನ್ ಕಬ್ಬು ಅರೆದರೆ ಸುಮಾರು ನೂರು ಕಿಲೋ ಸಕ್ಕರೆ, ಮುನ್ನೂರು ಕಿಲೋ ಹತ್ತಿರ ಕಬ್ಬಿನ ಸಿಪ್ಪೆ, ನಲವತ್ತು ಚಿಲ್ಲರೆ ಕಿಲೋ ಕಾಕಂಬಿ ಬರುತ್ತದೆ. ಸಿಪ್ಪೆಯನ್ನು ಬಾಯ್ಲರ್‌ಗೆ ಹಾಕಿದರೆ ಆವಿ, ಆವಿಯಿಂದ ವಿದ್ಯುತ್, ಮಿಕ್ಕಿದ ವಿದ್ಯುತ್ ಮಾರಾಟಕ್ಕೆ. ಕಾಕಂಬಿ ಪಕ್ಕದ ಡಿಸ್ಟಿಲರಿಗೆ ಹೋಗಿ ಎಥನಾಲ್ ಆಗುತ್ತದೆ. ಕಬ್ಬಿಗೆ ಕೊಟ್ಟ ಬೆಲೆ ಒಂದೇ. 2024-25ರ ಹಂಗಾಮಿನಲ್ಲಿ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಲ್‌ಗೆ 340 ರೂಪಾಯಿ ಇತ್ತು. ಆ 340ರಲ್ಲಿ ಸಕ್ಕರೆಯ ಪಾಲೆಷ್ಟು, ವಿದ್ಯುತ್ತಿನದೆಷ್ಟು, ಎಥನಾಲ್‌ನದೆಷ್ಟು? ಕಾಕಂಬಿಗೆ ಕಡಿಮೆ ಬೆಲೆ ಹಚ್ಚಿದರೆ ಸಕ್ಕರೆ ನಷ್ಟದಲ್ಲಿ ಕಾಣುತ್ತದೆ, ಡಿಸ್ಟಿಲರಿ ಲಾಭದಲ್ಲಿ ಹೊಳೆಯುತ್ತದೆ. ಸಕ್ಕರೆ ನಷ್ಟದಲ್ಲಿದೆ ಎಂಬ ಮಾತು ಕೇಳಿಬಂದಾಗಲೆಲ್ಲ ರೈತನ ಬಾಕಿಯ ಮಾತೂ ಅದರ ಹಿಂದೆಯೇ ಬರುತ್ತದೆ. ರಾತ್ರಿ ಪಾಳಿಯಲ್ಲಿ ತೂಕದ ಸೇತುವೆಯಿಂದ ಬಂದ ಚೀಟಿಗಳನ್ನು ಮುಂದಿಟ್ಟುಕೊಂಡು ಈ ಹಂಚಿಕೆಯನ್ನು ಮೊದಲ ಸಲ ಮಾಡಿದಾಗ, ಲೆಕ್ಕ ಎಂದರೆ ಬರೀ ಕೂಡುವುದು ಕಳೆಯುವುದಲ್ಲ, ನ್ಯಾಯ ಹಂಚುವುದು ಎಂದು ನನಗೆ ಅರ್ಥವಾಯಿತು.

ಇಂಥ ಲೆಕ್ಕಕ್ಕೆ ಕಾನೂನು ಸಹಿ ಕೇಳುತ್ತದೆ. ಕಂಪನಿ ಕಾಯ್ದೆಯ 148ನೇ ಸೆಕ್ಷನ್ ಮತ್ತು 2014ರ ನಿಯಮಗಳ ಪ್ರಕಾರ ಸಕ್ಕರೆ, ವಿದ್ಯುತ್, ಔಷಧ, ರಸಗೊಬ್ಬರ, ಪೆಟ್ರೋಲಿಯಂ, ದೂರಸಂಪರ್ಕದಂಥ ನಿಯಂತ್ರಿತ ಉದ್ಯಮಗಳಲ್ಲಿ ಒಟ್ಟು ವಹಿವಾಟು 50 ಕೋಟಿ, ಆ ಸರಕಿನ ವಹಿವಾಟು 25 ಕೋಟಿ ಮುಟ್ಟಿದರೆ ಕಾಸ್ಟ್ ಆಡಿಟ್ ಕಡ್ಡಾಯ. ನಿಯಮದ ಪಟ್ಟಿಯಲ್ಲಿರುವ ಇತರ ಉದ್ಯಮಗಳಿಗೆ ಈ ಮಿತಿ 100 ಕೋಟಿ ಮತ್ತು 35 ಕೋಟಿ. ವರದಿಗೆ ಸಹಿ ಹಾಕುವವರು ಕಾಸ್ಟ್ ಅಕೌಂಟೆಂಟ್ ಮಾತ್ರ. ಸಿಎಗೂ ಆ ಹಕ್ಕಿಲ್ಲ.

ಆದರೆ ಸಹಿಯ ಈ ವ್ಯಾಪ್ತಿ ಸಿಎಗಿಂತ ಕಿರಿದು. ಸಣ್ಣ ಪಟ್ಟಣದಲ್ಲಿ ಕಾಸ್ಟ್ ಆಡಿಟ್ ಒಂದನ್ನೇ ನಂಬಿ ಕಚೇರಿ ನಡೆಸುವುದು ಕಷ್ಟ. ಕಾರ್ಖಾನೆ ಇರುವ ಕಡೆ, ಸಾರ್ವಜನಿಕ ವಲಯದ ಉದ್ದಿಮೆಗಳಲ್ಲಿ, ತಯಾರಿಕಾ ಕಂಪನಿಗಳಲ್ಲಿ ನೌಕರಿ ಹಿಡಿಯುವವರಿಗೆ ಇದು ಹೇಳಿ ಮಾಡಿಸಿದ ಓದು. ಸಾರ್ವಜನಿಕ ವಲಯದ ಹಣಕಾಸು ಹುದ್ದೆಗಳ ಜಾಹೀರಾತುಗಳಲ್ಲಿ ಸಿಎ ಜೊತೆಗೆ ಸಿಎಂಎ ಎಂದೂ ಇರುವುದನ್ನು ಗಮನಿಸಿ. ಪದವೀಧರರಿಗೆ ನೇರವಾಗಿ ಇಂಟರ್‌ಗೆ ಪ್ರವೇಶ ಇದೆ. ಇಂಟರ್ ಮತ್ತು ಫೈನಲ್‌ನಲ್ಲಿ ಎಂಟೆಂಟು ಪತ್ರಿಕೆ, 15 ತಿಂಗಳ ತರಬೇತಿ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ. ನೌಕರಿ ಮಾಡುತ್ತಲೇ ಓದಲು ಸಿಎಗಿಂತ ಇದು ಸಲೀಸು. ಬೆಂಗಳೂರಿನ ಬಸವನಗುಡಿಯಲ್ಲೂ ಮೈಸೂರಿನಲ್ಲೂ ಇರುವ ಚಾಪ್ಟರ್‌ಗಳು (ಸಂಸ್ಥೆಯ ಸ್ಥಳೀಯ ಶಾಖೆಗಳು) ಖಾಸಗಿ ಕೋಚಿಂಗ್‌ಗೆ ದುಡ್ಡಿಲ್ಲದವರಿಗೆ ನಿಜವಾದ ಆಸರೆ.

ಸಿಎಸ್: ಕಾನೂನನ್ನು ಓದಿ ಬೇಸರಿಸದವರಿಗೆ

ಇನ್‌ಸ್ಟಿಟ್ಯೂಟ್ ಆಫ್ ಕಂಪನಿ ಸೆಕ್ರೆಟರೀಸ್ ಆಫ್ ಇಂಡಿಯಾ 1980ರ ಕಾಯ್ದೆಯದು. ಇಲ್ಲಿ ಅಂಕಿಗಿಂತ ಅಕ್ಷರ ಹೆಚ್ಚು. ಮಂಡಳಿಯ ಸಭೆ ಹೇಗೆ ಕರೆಯಬೇಕು, ಷೇರು ಹೇಗೆ ಹಂಚಬೇಕು, ಯಾವ ನಿರ್ಣಯವನ್ನು ಎಷ್ಟು ದಿನದಲ್ಲಿ ಎಲ್ಲಿ ಸಲ್ಲಿಸಬೇಕು ಎಂಬುದೆಲ್ಲ ಕಂಪನಿ ಕಾರ್ಯದರ್ಶಿಯ ಕೆಲಸ. ಷೇರುಪೇಟೆಯ ಪಟ್ಟಿಯಲ್ಲಿರುವ ಕಂಪನಿಗಳೂ 10 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಬಂಡವಾಳ ಇರುವ ಕಂಪನಿಗಳೂ ಪೂರ್ಣಾವಧಿ ಸಿಎಸ್ ಒಬ್ಬರನ್ನು ಇಟ್ಟುಕೊಳ್ಳಲೇಬೇಕು. ದೊಡ್ಡ ಕಂಪನಿಗಳಿಗೆ, ಕಾನೂನು ಪಾಲನೆಯಾಗಿದೆಯೇ ಎಂದು ನೋಡುವ ಸೆಕ್ರೆಟೇರಿಯಲ್ ಆಡಿಟ್ ಕೂಡ ಇದೆ. ಅದು ಪ್ರಾಕ್ಟೀಸ್‌ನಲ್ಲಿರುವ ಸಿಎಸ್ ಸಹಿಗೆ ಮೀಸಲು.

ಪಿಯುಸಿಯ ನಂತರ ಸಿಎಸ್‌ಇಇಟಿ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ಎಕ್ಸಿಕ್ಯೂಟಿವ್, ಪ್ರೊಫೆಷನಲ್. ಪಾಸಾಗಲು ಅದೇ 40 ಮತ್ತು 50ರ ನಿಯಮ. ಬಿ.ಕಾಂ. ಜೊತೆ ಎಲ್‌ಎಲ್‌ಬಿ ಯೋಚಿಸುತ್ತಿರುವವರಿಗೆ ಇದು ಬಹಳ ಚೆನ್ನಾಗಿ ಕೂಡಿಕೊಳ್ಳುತ್ತದೆ. ಒಂದು ಮಿತಿಯನ್ನು ಹೇಳಲೇಬೇಕು: ಕೆಲಸ ಇರುವುದು ಕಂಪನಿಗಳ ನೋಂದಾಯಿತ ಕಚೇರಿ ಇರುವ ಕಡೆ. ನಮ್ಮ ರಾಜ್ಯದಲ್ಲಿ ಅದರ ಬಹುಪಾಲು ಬೆಂಗಳೂರು. ಊರು ಬಿಡಲಾರೆ ಎನ್ನುವವರಿಗೆ ಸಿಎಸ್ ಓದನ್ನು ನಾನು ಸೂಚಿಸುವುದಿಲ್ಲ.

ಮೂರು ಸಂಸ್ಥೆಗಳಿಗೂ ಸಲ್ಲುವ ಎರಡು ಮಾತು. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಸಿಎ, ಸಿಎಂಎ, ಸಿಎಸ್ ಅರ್ಹತೆಗಳನ್ನು ಸ್ನಾತಕೋತ್ತರ ಪದವಿಗೆ ಸಮಾನ ಎಂದು ಒಪ್ಪಿಕೊಂಡಿತು. ಮೇಷ್ಟರಾಗಬೇಕೆನ್ನುವವರಿಗೆ ಇದು ದೊಡ್ಡ ಬಾಗಿಲು. ಇನ್ನೊಂದು, ಕಾಯ್ದೆಯಿಂದ ಹುಟ್ಟಿದ ಸಂಸ್ಥೆಗೆ ಸದಸ್ಯರನ್ನು ಶಿಕ್ಷಿಸುವ ಅಧಿಕಾರವೂ ಇದೆ. ತಪ್ಪು ಮಾಡಿದವರ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಸಿಎ ಕೊಡುವ ಪ್ರತಿ ಪ್ರಮಾಣಪತ್ರದ ಮೇಲೂ 2019ರ ಫೆಬ್ರವರಿಯಿಂದ ಯುಡಿಐಎನ್ ಎಂಬ 18 ಅಂಕಿ-ಅಕ್ಷರಗಳ ಸಂಖ್ಯೆ ಇರಬೇಕು. ಅದನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪರಿಶೀಲಿಸಬಹುದು. ಸಹಿಗೆ ಬೆಲೆ ಬರುವುದು ಇಂಥ ಭಯ ಇರುವುದರಿಂದಲೇ.

ವಿದೇಶಿ ಸಂಸ್ಥೆಗಳು: ಯಾರಿಗೆ ಸರಿ?

ಈಗ ಬೆಂಗಳೂರಿನ ಹೋರ್ಡಿಂಗ್‌ಗಳಲ್ಲಿ ಹೆಚ್ಚು ಕಾಣುವುದು ಇವೇ. ಎಸಿಸಿಎ (ಅಸೋಸಿಯೇಷನ್ ಆಫ್ ಚಾರ್ಟರ್ಡ್ ಸರ್ಟಿಫೈಡ್ ಅಕೌಂಟೆಂಟ್ಸ್) ಬ್ರಿಟನ್ನಿನ ಸಂಸ್ಥೆ, 1904ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು. ಒಟ್ಟು 13 ಪತ್ರಿಕೆ, ಪ್ರತಿಯೊಂದರಲ್ಲೂ ಶೇ. 50 ಬಂದರೆ ಪಾಸು, ಜೊತೆಗೆ ಮೂರು ವರ್ಷದ ಅನುಭವ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಹೀಗೆ ವರ್ಷಕ್ಕೆ ನಾಲ್ಕು ಸಲ ಪರೀಕ್ಷೆ. ಓದಿದ ಪದವಿಯನ್ನು ನೋಡಿ ಮೊದಲ ಒಂಬತ್ತು ಪತ್ರಿಕೆಗಳವರೆಗೆ ವಿನಾಯಿತಿ ಸಿಗಬಹುದು. ಕೊನೆಯ ನಾಲ್ಕನ್ನು ಎಲ್ಲರೂ ಬರೆಯಲೇಬೇಕು. ಒಂದೊಂದೇ ಪತ್ರಿಕೆ ಬರೆದು ಮುಗಿಸಬಹುದು ಎನ್ನುವುದು ಇದರ ದೊಡ್ಡ ಸೌಕರ್ಯ. ಗುಂಪಿನ ಒಟ್ಟು ಅಂಕದಲ್ಲಿ ಎರಡು ಕಡಿಮೆಯಾಗಿ ಮೂರೂ ಪತ್ರಿಕೆ ಮತ್ತೆ ಬರೆಯುವ ಸಿಎ ಮಕ್ಕಳ ಸಂಕಟ ಇಲ್ಲಿಲ್ಲ.

ಅಮೆರಿಕದ ಸಿಎಂಎ ಕೊಡುವುದು ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ಅಕೌಂಟೆಂಟ್ಸ್. 1919ರಲ್ಲಿ ಆರಂಭವಾದ ಈ ಸಂಸ್ಥೆಯ ಕಚೇರಿ ನ್ಯೂಜೆರ್ಸಿಯಲ್ಲಿದೆ. ಎರಡೇ ಭಾಗ, ಒಂದೊಂದಕ್ಕೆ ನಾಲ್ಕು ಗಂಟೆ, 500ಕ್ಕೆ 360 ಬಂದರೆ ಪಾಸು. ಪದವಿ ಮತ್ತು ಎರಡು ವರ್ಷದ ಅನುಭವ ಬೇಕು. ಅಲ್ಲಿನ ಸಿಪಿಎ (ಸರ್ಟಿಫೈಡ್ ಪಬ್ಲಿಕ್ ಅಕೌಂಟೆಂಟ್) ಬೇರೆಯೇ ಪರವಾನಗಿ. 2024ರಿಂದ ಮೂರು ಮುಖ್ಯ ಪತ್ರಿಕೆ ಮತ್ತು ಆಯ್ದ ಒಂದು ಪತ್ರಿಕೆ ಎಂಬ ಪದ್ಧತಿ ಅದರಲ್ಲಿ ಬಂದಿದೆ.

ಇವುಗಳಲ್ಲಿ ಯಾವುದನ್ನು ಮುಗಿಸಿದರೂ ಭಾರತದ ಕಂಪನಿಯ ಆಡಿಟ್ ವರದಿಗೆ, ತೆರಿಗೆ ಆಡಿಟ್‌ಗೆ, ಕಾಸ್ಟ್ ಆಡಿಟ್‌ಗೆ ಸಹಿ ಹಾಕುವಂತಿಲ್ಲ. ಇದನ್ನು ಹೋರ್ಡಿಂಗ್ ಹೇಳುವುದಿಲ್ಲ. ಹಾಗಂತ ಇವು ಬರಿಯ ಆಡಂಬರ ಎಂದು ತಳ್ಳಿಹಾಕುವುದೂ ಅನ್ಯಾಯ. ದೇಶದಲ್ಲೇ ಅತಿ ಹೆಚ್ಚು ಜಾಗತಿಕ ಸಾಮರ್ಥ್ಯ ಕೇಂದ್ರಗಳು, ಅಂದರೆ ವಿದೇಶಿ ಕಂಪನಿಗಳ ಸ್ವಂತ ಕಚೇರಿಗಳು, ಬೆಂಗಳೂರಿನಲ್ಲಿವೆ. ಅಲ್ಲಿ ತಿಂಗಳ ಕೊನೆಗೆ ಮುಚ್ಚುವುದು ಅಮೆರಿಕದ, ಯುರೋಪಿನ ಕಂಪನಿಗಳ ಲೆಕ್ಕದ ಪುಸ್ತಕ. ಬಜೆಟ್, ಮುನ್ನಂದಾಜು, ಒಳಗಿನ ವರದಿಗಳೇ ದಿನದ ಕೆಲಸ. ಅಲ್ಲಿ ಸೇರಬೇಕೆನ್ನುವ, ಇಂಗ್ಲಿಷ್‌ನಲ್ಲಿ ಸಲೀಸಾಗಿ ಮಾತಾಡುವ, ಬೇಗ ದುಡಿಯಲೇಬೇಕಾದ ಹುಡುಗಿಗೆ ಅಮೆರಿಕದ ಸಿಎಂಎ ಸರಿಯಾದ ಆಯ್ಕೆ. ಕೊಲ್ಲಿ ದೇಶಗಳಲ್ಲೋ ಬ್ರಿಟನ್ನಿನಲ್ಲೋ ನೆಲೆಸುವ ಯೋಚನೆ ಇರುವ ಕರಾವಳಿಯ ಮಕ್ಕಳಿಗೆ ಎಸಿಸಿಎ ಕೆಲಸಕ್ಕೆ ಬರುತ್ತದೆ. ಆದರೆ ಕೊಲ್ಲಿಯಲ್ಲಿ ನಮ್ಮ ಸಿಎಗೂ ಒಳ್ಳೆಯ ಬೇಡಿಕೆ ಇದೆ. ದುಬೈ, ಅಬುಧಾಬಿ, ಮಸ್ಕತ್‌ನಂಥ ಊರುಗಳಲ್ಲಿ ಐಸಿಎಐ ಚಾಪ್ಟರ್‌ಗಳೇ ಇವೆ.

ಹಣದ ಲೆಕ್ಕ ಮಾಡುವಾಗ ಪೂರ್ತಿ ಮಾಡಿ. ನಮ್ಮ ದೇಶದ ಸಂಸ್ಥೆಗಳ ನೋಂದಣಿ ಮತ್ತು ಪರೀಕ್ಷೆ ಶುಲ್ಕ ಸಾವಿರಗಳ ಲೆಕ್ಕದಲ್ಲಿ ನಡೆಯುತ್ತದೆ. ವಿದೇಶಿ ಸಂಸ್ಥೆಗಳ ಶುಲ್ಕ ಪೌಂಡ್‌ನಲ್ಲಿ, ಡಾಲರ್‌ನಲ್ಲಿ. ರೂಪಾಯಿ ಇಳಿದರೆ ನಿಮ್ಮ ಶುಲ್ಕ ಏರುತ್ತದೆ. ಕೋಚಿಂಗ್ ಸೇರಿದರೆ ಲಕ್ಷಗಳಿಗೆ ಹೋಗುತ್ತದೆ. ಪಾಸಾದ ಮೇಲೂ ವಾರ್ಷಿಕ ಸದಸ್ಯತ್ವ ಶುಲ್ಕ ಕಟ್ಟುತ್ತಿದ್ದರಷ್ಟೇ ಹೆಸರಿನ ಮುಂದೆ ಆ ಅಕ್ಷರ ಉಳಿಯುತ್ತದೆ. ಶುಲ್ಕವನ್ನು ಕೋಚಿಂಗ್ ಕೇಂದ್ರದ ಕರಪತ್ರದಲ್ಲಿ ನೋಡಬೇಡಿ, ಸಂಸ್ಥೆಯ ಅಧಿಕೃತ ಜಾಲತಾಣದಲ್ಲೇ ನೋಡಿ, ಆ ಪುಟವನ್ನು ಮುದ್ರಿಸಿಕೊಂಡು ಹೋಗಿ. ‘ಸಿಎಂಎ’ ಎಂದವರಿಗೆ ಯಾವ ದೇಶದ್ದು ಎಂದು ಮೊದಲು ಕೇಳಿ, ರಸೀದಿಯಲ್ಲಿ ಸಂಸ್ಥೆಯ ಪೂರ್ತಿ ಹೆಸರು ಬರೆಸಿಕೊಳ್ಳಿ.

ಪರೀಕ್ಷೆ ಇಲ್ಲದ ಸಂಘಗಳು

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವರು ಕೇಳುತ್ತಾರೆ, ನಮಗೇಕೆ ಸಿಎ ತರಹದ ಸಂಸ್ಥೆ ಇಲ್ಲ ಎಂದು. ಅರ್ಥಶಾಸ್ತ್ರಜ್ಞನ ಸಹಿಯನ್ನು ಯಾವ ಕಾಯ್ದೆಯೂ ಕೇಳುವುದಿಲ್ಲವಾದ್ದರಿಂದ ಅಂಥ ಸಂಸ್ಥೆಯೂ ಇಲ್ಲ. ಇರುವುದು ವಿದ್ವತ್ ಸಂಘಗಳು. 1917ರಿಂದ ನಡೆದು ಬಂದಿರುವ ಇಂಡಿಯನ್ ಎಕನಾಮಿಕ್ ಅಸೋಸಿಯೇಷನ್ ವಾರ್ಷಿಕ ಸಮ್ಮೇಳನ ನಡೆಸುತ್ತದೆ, ಪತ್ರಿಕೆ ತರುತ್ತದೆ. ಕೃಷಿ ಅರ್ಥಶಾಸ್ತ್ರದಲ್ಲಿ ಆಸಕ್ತಿ ಇದ್ದರೆ 1939ರಲ್ಲಿ ಸ್ಥಾಪನೆಯಾದ ಇಂಡಿಯನ್ ಸೊಸೈಟಿ ಆಫ್ ಅಗ್ರಿಕಲ್ಚರಲ್ ಎಕನಾಮಿಕ್ಸ್ ಹೆಚ್ಚು ಹೊಂದುತ್ತದೆ. ಅದರ ಪತ್ರಿಕೆಗೆ ಒಳ್ಳೆಯ ಹೆಸರಿದೆ. ಅಂಕಿಅಂಶ, ಗಣಿತದ ಒಲವಿನವರಿಗೆ ಇಂಡಿಯನ್ ಎಕನಾಮೆಟ್ರಿಕ್ ಸೊಸೈಟಿ ಇದೆ. ಪಿಎಚ್.ಡಿ. ಮಾಡುವವರು, ಮೇಷ್ಟರಾಗುವವರು ಒಂದಕ್ಕೆ ಸೇರಿ, ವರ್ಷಕ್ಕೊಂದು ಪ್ರಬಂಧ ಮಂಡಿಸಿ, ಟೀಕೆ ಕೇಳಿಸಿಕೊಳ್ಳಿ. ಅದೇ ಲಾಭ. ಬರಿಯ ಪ್ರಮಾಣಪತ್ರಕ್ಕಾಗಿ ಸಮ್ಮೇಳನದಿಂದ ಸಮ್ಮೇಳನಕ್ಕೆ ಓಡಾಡುವ ಸಂಶೋಧಕರನ್ನು ನೋಡಿದಾಗ ನನಗೆ ನೋವಾಗುತ್ತದೆ. ಆ ಬಸ್ ಚಾರ್ಜಿನಲ್ಲಿ ಎರಡು ಹಳ್ಳಿಯ ಕ್ಷೇತ್ರಕಾರ್ಯ ಆಗುತ್ತಿತ್ತು.

ಮ್ಯಾನೇಜ್‌ಮೆಂಟ್ ಕ್ಷೇತ್ರದಲ್ಲಿ 1957ರ ಆಲ್ ಇಂಡಿಯಾ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಹಿರಿಯದು; ಎಂಬಿಎ ಪ್ರವೇಶಕ್ಕೆ ಬರೆಯುವ ಮ್ಯಾಟ್ ಪರೀಕ್ಷೆ ನಡೆಸುವುದು ಇದೇ. ಮಾನವ ಸಂಪನ್ಮೂಲ ವಿಭಾಗದವರಿಗೆ ನ್ಯಾಷನಲ್ ಎಚ್‌ಆರ್‌ಡಿ ನೆಟ್‌ವರ್ಕ್ ಮತ್ತು ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಪರ್ಸೊನೆಲ್ ಮ್ಯಾನೇಜ್‌ಮೆಂಟ್ (ಎನ್‌ಐಪಿಎಂ) ಇವೆ. ಕಾರ್ಖಾನೆ, ಕಾರ್ಮಿಕ ಕಾನೂನಿನ ಕಡೆಯವರು ಎನ್‌ಐಪಿಎಂ ಸಭೆಗಳಿಗೆ ಹೋದರೆ ಅನುಭವಸ್ಥರ ಮಾತು ಕೇಳಲು ಸಿಗುತ್ತದೆ. ಇಲ್ಲಿ ನಿಜವಾಗಿ ಕೆಲಸ ತರುವ ಪ್ರಮಾಣಪತ್ರ ಎಂದರೆ ಅಮೆರಿಕದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ ಕೊಡುವ ಪಿಎಂಪಿ (ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪ್ರೊಫೆಷನಲ್). ಅದು ಹೊಸಬರಿಗಲ್ಲ, ಕೆಲವು ವರ್ಷ ಯೋಜನೆಗಳನ್ನು ಮುನ್ನಡೆಸಿದವರಿಗೆ; ಮೂರು ವರ್ಷಕ್ಕೊಮ್ಮೆ ಕಲಿಕೆಯ ಗಂಟೆ ತೋರಿಸಿ ನವೀಕರಿಸಬೇಕು.

ಮಾರ್ಕೆಟಿಂಗ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಬ್ರಿಟನ್ನಿನ ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಮಾರ್ಕೆಟಿಂಗ್, ಅಮೆರಿಕನ್ ಮಾರ್ಕೆಟಿಂಗ್ ಅಸೋಸಿಯೇಷನ್ ಹಳೆಯ, ಗೌರವದ ಸಂಸ್ಥೆಗಳು. ಆದರೆ ನಮ್ಮಲ್ಲಿ ಕೆಲಸ ಕೊಡುವವರು ನೋಡುವುದು ನೀವು ಏನು ಮಾರಿದ್ದೀರಿ ಎಂಬುದನ್ನು. ಸದಸ್ಯತ್ವಕ್ಕೆ ಕೊಡುವ ಹಣದಲ್ಲಿ ಊರಿನ ಬೆಲ್ಲದ ಗಾಣದವರಿಗೆ ಆನ್‌ಲೈನ್ ಮಾರಾಟದ ಪುಟ ಮಾಡಿಕೊಟ್ಟು, ಮೂರು ತಿಂಗಳ ಮಾರಾಟದ ಲೆಕ್ಕ ಇಟ್ಟುಕೊಂಡು ಹೋಗಿ. ಸಂದರ್ಶನದಲ್ಲಿ ಅದಕ್ಕಿರುವ ತೂಕ ಬೇರೆ.

ಬ್ಯಾಂಕಿನಲ್ಲಿ ಈಗಾಗಲೇ ನೌಕರಿಯಲ್ಲಿ ಇರುವವರಿಗೆ 1928ರಿಂದ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್‌ನ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳು ಬಡ್ತಿಯ ದಾರಿಯಲ್ಲಿ ನೇರವಾಗಿ ನೆರವಾಗುತ್ತವೆ. ಅವರು ಬೇರೆಡೆ ನೋಡುವ ಮೊದಲು ಇದನ್ನು ಮುಗಿಸಲಿ.

ಕನ್ನಡ ಮಾಧ್ಯಮದ ಮಕ್ಕಳಿಗೆ

ಸಿಎ, ಸಿಎಂಎ, ಸಿಎಸ್ ಯಾವುದನ್ನೂ ಕನ್ನಡದಲ್ಲಿ ಬರೆಯುವ ಅವಕಾಶ ಇಂದಿಗೂ ಇಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ. ಲೆಕ್ಕ ಬಲ್ಲ ಮಕ್ಕಳು ವಾಕ್ಯ ಕಟ್ಟಲಾರದೆ ಕಾನೂನಿನ ಪತ್ರಿಕೆಯಲ್ಲಿ 36ಕ್ಕೆ, 38ಕ್ಕೆ ನಿಲ್ಲುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅವರ ಬುದ್ಧಿಗೆ ಕೊರತೆ ಇಲ್ಲ. ಹಾಗಾಗಿ ಕನ್ನಡ ಮಾಧ್ಯಮದಿಂದ ಬಂದವರು ಬಿ.ಕಾಂ. ಮುಗಿಸಿಕೊಂಡು ನೇರ ಪ್ರವೇಶದಲ್ಲಿ ಇಂಟರ್‌ಗೆ ಸೇರುವುದು ನನ್ನ ಸಲಹೆ. ಆ ಮೂರು ವರ್ಷದಲ್ಲಿ ಕಂಪನಿ ಕಾಯ್ದೆಯ ಸೆಕ್ಷನ್‌ಗಳನ್ನು ದಿನಕ್ಕೊಂದರಂತೆ ಕೈಯಲ್ಲಿ ಬರೆದು ಅಭ್ಯಾಸ ಮಾಡಿ. ಮೊದಲು ಕನ್ನಡದಲ್ಲಿ ಅರ್ಥ ಬರೆದುಕೊಳ್ಳಿ, ಆಮೇಲೆ ಇಂಗ್ಲಿಷ್‌ನಲ್ಲಿ. ಅಂಕಿಯ ಪತ್ರಿಕೆಗಳೇ ಹೆಚ್ಚು ಸಲೀಸು ಎನಿಸಿದರೆ ಸಿಎಸ್ ಬಿಟ್ಟು ಸಿಎಂಎ ಕಡೆ ವಾಲಿರಿ. ಸಿಎ ಓದುವವರು ಜೊತೆಯಲ್ಲೇ ಸಿಎಂಎಗೂ ನೋಂದಾಯಿಸಿಕೊಳ್ಳುವುದುಂಟು, ಪಠ್ಯದ ಬಹುಭಾಗ ಒಂದೇ ಆಗಿರುವುದರಿಂದ ಅದು ತಪ್ಪಲ್ಲ. ಆದರೆ ಒಂದರ ಇಂಟರ್ ಕೂಡ ಮುಗಿಸದೆ ಮೂರು ಕಡೆ ಶುಲ್ಕ ಕಟ್ಟುವುದು ಬೇಡ.

ದಿನಾಂಕಗಳನ್ನು ಗೋಡೆಗೆ ಬರೆದು ಅಂಟಿಸಿ. ಸಿಎಂಎ ಡಿಸೆಂಬರ್ ಪರೀಕ್ಷೆ ಬರೆಯಲು ಜುಲೈ 31ರೊಳಗೆ, ಜೂನ್ ಪರೀಕ್ಷೆಗೆ ಜನವರಿ 31ರೊಳಗೆ ನೋಂದಣಿ ಆಗಿರಬೇಕು. ಸಿಎ ಫೌಂಡೇಷನ್‌ಗೆ ಪರೀಕ್ಷೆಯ ತಿಂಗಳಿಗೆ ನಾಲ್ಕು ತಿಂಗಳು ಮೊದಲು, ಅಂದರೆ ಮೇ ಪರೀಕ್ಷೆಗೆ ಜನವರಿ 1ರೊಳಗೆ. ಒಂದು ದಿನ ತಪ್ಪಿದರೂ ಮುಂದಿನ ಸರದಿಗೆ ಕಾಯಬೇಕು.

ಪಾಂಡವಪುರದ ಆ ತಂದೆಯ ಮುಂಗಡ ಹಣ ವಾಪಸ್ ಬರಲಿಲ್ಲ. ಎರಡು ಸಲ ಬೆಂಗಳೂರಿಗೆ ಅಲೆದು ಸುಮ್ಮನಾದರು. ಮಗಳು ಊರು ಬಿಡುವ ಮನಸ್ಸಿಲ್ಲ, ಕಾರ್ಖಾನೆಯಲ್ಲೇ ಕೆಲಸ ಬೇಕು ಎಂದಳು. ಜುಲೈ ಮೂರನೆಯ ವಾರದಲ್ಲಿ ನಮ್ಮ ದೇಶದ ಸಿಎಂಎ ಇಂಟರ್‌ಗೆ ನೋಂದಾಯಿಸಿಕೊಂಡಳು. ಶನಿವಾರ ಭಾನುವಾರ ಮೈಸೂರಿಗೆ ಬಸ್ಸಿನಲ್ಲಿ ಹೋಗಿ ತರಗತಿ ಕೇಳುತ್ತಾಳೆ. ಮೊನ್ನೆ ಜಂಟಿ ವೆಚ್ಚದ ಹಂಚಿಕೆಯ ಲೆಕ್ಕವೊಂದನ್ನು ತೋರಿಸಲು ಬಂದಿದ್ದಳು. ಪುಸ್ತಕದಲ್ಲಿ ಕಚ್ಚಾ ತೈಲದ ಉದಾಹರಣೆ ಇತ್ತು. ಅವಳು ಅದನ್ನು ಕಬ್ಬು ಎಂದು ಬದಲಿಸಿಕೊಂಡು, ಸಕ್ಕರೆ, ಸಿಪ್ಪೆ, ಕಾಕಂಬಿ ಎಂದು ಮೂರು ಕಾಲಂ ಎಳೆದು, ಅಪ್ಪನ ಹೊಲದಿಂದ ಹೋದ ಟನ್ನುಗಳನ್ನೇ ಮೇಲೆ ಬರೆದು ಲೆಕ್ಕ ಬಿಡಿಸಿದ್ದಳು.